ಬೀರುವಿನ ಕಾಲಡಿಯ ದೊರೆ

ಅಲ್ವಿಸೆ ಆ ನಾಣ್ಯವನ್ನು ಮೊದಲು ಕಂಡದ್ದು ಅಡುಗೆಮನೆಯ ಮೇಜಿನ ಮೇಲೆ. ಅತ್ತೆ ಇನೆಸ್ ಊಟದ ತಟ್ಟೆ ಸರಿಸಿ, ಕರವಸ್ತ್ರದ ಗಂಟು ಬಿಚ್ಚಿ, ಚಿನ್ನದ ಡ್ಯುಕಾಟ್ ಹೊರತೆಗೆದರು. ಹಪ್ಪಳಕ್ಕಿಂತ ತೆಳು. ಒಂದು ಬದಿಯಲ್ಲಿ ವೆನಿಸ್ಸಿನ ದೊರೆ ಸಂತ ಮಾರ್ಕನ ಮುಂದೆ ಮಂಡಿಯೂರಿದ್ದ. ಕೆಲವೇ ತಿಂಗಳು ಆಳಿದ ದೊರೆ. ಅವನ ನಾಣ್ಯ ಸಿಗುವುದೇ ಅಪರೂಪ. ಅತ್ತೆಯ ಮನೆಯ ಹೆಣ್ಣುಮಕ್ಕಳೆಲ್ಲ ಅದನ್ನು ಅಂಗೈಯಲ್ಲಿಟ್ಟುಕೊಂಡೇ ಮದುವೆಗೆ ಹೊಸ್ತಿಲು ದಾಟಿದವರು. ಭಾನುವಾರ ಅಲ್ವಿಸೆಯ ಮಗಳು ಲವೀನಿಯಾಳ ಸರದಿ.

"ನನ್ನ ಹತ್ರ ಇರಲಿ ಅತ್ತೆ. ಗಂಟೆಗೋಪುರ ಬಿದ್ರೂ ಇದಕ್ಕೇನೂ ಆಗಲ್ಲ!"

"ಗೋಪುರ ಒಂದ್ಸಲ ಬಿದ್ದಿತ್ತಲ್ಲ, ಅಳಿಯಂದಿರೇ."

ವೆನಿಸ್ಸಿನಲ್ಲಿ ಸಮನಾದ ನೆಲವೇ ಇಲ್ಲ. ಪ್ರತಿ ಬೀರುವಿನ ಕಾಲಡಿಗೂ ಒಂದು ಚೂರು ರಟ್ಟು ಇದ್ದೇ ಇರುತ್ತದೆ. ಅದನ್ನು ಯಾವ ಕಳ್ಳ ಕದ್ದಾನು? ಅಲ್ವಿಸೆ ರಟ್ಟು ಮಡಚಿ, ನಡುವೆ ನಾಣ್ಯ ಸೇರಿಸಿ, ಬೀರುವಿನ ಕಾಲಡಿ ತಳ್ಳಿದ. ಜಗತ್ತಿನ ಖಜಾಂಚಿಗಳೆಲ್ಲ ತನ್ನ ಬಳಿ ಪಾಠಕ್ಕೆ ಬರಬೇಕು ಎಂದುಕೊಂಡ. ಹೆಂಡತಿಗೂ ಹೇಳಲಿಲ್ಲ.

ಶುಕ್ರವಾರ ಅವನು ಕೆಲಸದಲ್ಲಿದ್ದಾಗ ಕಡಲ ನೀರು ಏರುತ್ತಿದೆಯೆಂದು ಸೈರನ್ ಕೂಗಿತು. ಓಡೋಡಿ ಬರುವಷ್ಟರಲ್ಲಿ ಹೆಂಡತಿ ಒರಿಯಾನಾ ಮೇಲಿನ ಮಹಡಿಯ ಬೆಪ್ಪಿಯನ್ನು ಕರೆದು, ಬೀರುವನ್ನು ಇಟ್ಟಿಗೆಗಳ ಮೇಲೆ ಏರಿಸಿಯಾಗಿತ್ತು.

"ಕೆಳಗಿದ್ದ ರಟ್ಟು ಎಲ್ಲಿ?"

"ಬೆಪ್ಪಿಗೆ ಕೊಟ್ಟೆ. ಪಾಪ, ಅವನ ಮೇಜು ಅಲ್ಲಾಡುತ್ತಂತೆ. ಒಂದು ರಟ್ಟಿಗೆ ಯಾಕಿಷ್ಟು ಬೆವರ್ತೀಯಾ?"

ಅಲ್ವಿಸೆ ಮೆಟ್ಟಿಲು ಹತ್ತಿದ. ನೀರು ಇಳಿಯುವವರೆಗೆ ಹೊತ್ತು ಕಳೆಯಲು ಅಲ್ಲಿ ಇಸ್ಪೀಟು ನಡೆದಿತ್ತು. ಮೇಜು ಬಂಡೆಯಂತೆ ನಿಂತಿತ್ತು. ಬೆಪ್ಪಿಯ ಎದುರು ಕುಳಿತಿದ್ದವರು ಅತ್ತೆ. ಅದೂ ಗೆಲ್ಲುತ್ತಿದ್ದ ಅತ್ತೆ! ಇಲಿ ಕಂಡಿತೆಂದು ಸುಳ್ಳು ಹೇಳಿ ಅವನು ಮೇಜಿನಡಿಗೆ ನುಸುಳಿದ. ಬೆನ್ನು ತಾಗಿ ಎಲೆಗಳೆಲ್ಲ ಚೆಲ್ಲಾಪಿಲ್ಲಿಯಾದವು. ರಟ್ಟು ಕಿತ್ತುಕೊಂಡು ಹೊರಬರುವಾಗ ನಾಣ್ಯ ಜಾರಿ, ನೇರವಾಗಿ ಅತ್ತೆಯ ಪಾದದ ಬಳಿ ಬಿತ್ತು.

ಅಪ್ಪಟ ಚಿನ್ನ, ಬೆಣ್ಣೆಯಂಥ ಮೆದು. ಬೀರುವಿನ ಭಾರಕ್ಕೆ ದೊರೆ ಚಪ್ಪಟೆಯಾಗಿದ್ದ.

ಅತ್ತೆ ಕನ್ನಡಕ ಏರಿಸಿ ನೋಡಿದರು. "ಐನೂರು ವರ್ಷ ಮಂಡಿಯೂರಿದ್ದ ದೊರೆ. ನೀವು ಒಂದೇ ವಾರದಲ್ಲಿ ಮಲಗಿಸಿಬಿಟ್ರಲ್ಲ."

ಭಾನುವಾರ ಲವೀನಿಯಾ ನಗುತ್ತಲೇ, ಮಲಗಿದ ದೊರೆಯನ್ನು ಅಂಗೈಯಲ್ಲಿಟ್ಟುಕೊಂಡು ಹೊಸ್ತಿಲು ದಾಟಿದಳು. ಮನೆಯವರು ಅಲ್ವಿಸೆಯ ಕೈಗೆ ಈಗ ಒಪ್ಪಿಸುವುದು ಕಸದ ಚೀಲವನ್ನು ಮಾತ್ರ. ದಿನಾ ಬೆಳಿಗ್ಗೆ ಅವನು ಅದನ್ನು ಕಸದ ದೋಣಿಗೆ ಮುಟ್ಟಿಸಿ ಬರುತ್ತಾನೆ.