ಗೋಡೆಯ ಮೇಲಿನ ಹದಿಮೂರು ಪಟ್ಟಿಗಳು

ಹೊಸ ಬೆಳೆಯ ಹಿಟ್ಟಿನಿಂದ ಸೋಬಾ ಶಾವಿಗೆ ಶುರುವಾಗುವ ದಿನ, ಜಪಾನಿನ ಮಾತ್ಸುಮೊಟೊ ಪೇಟೆಯ ಯಾಸುಕೋಳ ಊಟದಂಗಡಿಯ ಗೋಡೆಗೆ ತಿನಿಸಿನ ಹೆಸರುಗಳನ್ನು ಕುಂಚದಲ್ಲಿ ಬರೆದುಕೊಡುವುದು ಇಪ್ಪತ್ತಾರು ವರ್ಷಗಳಿಂದ ಕುಂಚಬರಹ ಕಲಿಸುವ ಇಸೊಗಾಯ್ ಮೇಷ್ಟ್ರ ಹಕ್ಕು. ಈ ಸಲ ಕರೆ ಬರಲಿಲ್ಲ. ಬೆಳಿಗ್ಗೆ ತಾವೇ ಹೋಗಿ ನೋಡಿದರೆ ತಿನಿಸಿಗೊಂದರಂತೆ ಹದಿಮೂರು ಕಾಗದದ ಪಟ್ಟಿಗಳು ಆಗಲೇ ನೇತಾಡುತ್ತಿದ್ದವು.

"ಯಾರಮ್ಮಾ ಬರೆದಿದ್ದು?"

"ಕಂಪ್ಯೂಟರ್, ಮೇಷ್ಟ್ರೇ," ಅಂದಳು ಯಾಸುಕೋ, ಶಾವಿಗೆ ಬಸಿಯುತ್ತಾ. "ಕುಂಚದ ಅಕ್ಷರದ ಫಾಂಟ್ ಅಂತೆ. ಸೊಸೆ ಹತ್ತೇ ನಿಮಿಷದಲ್ಲಿ ಪ್ರಿಂಟ್ ತೆಗೆದ್ಲು."

ಹದಿಮೂರು ತಿನಿಸಿನ ಹೆಸರಲ್ಲೂ 'ಸೋಬಾ' ಅನ್ನೋ ಪದ. ಹದಿಮೂರರಲ್ಲೂ ಅದೇ ಮೂಲೆಯಲ್ಲಿ ಅದೇ ಮಸಿಹನಿ. ಮೇಷ್ಟ್ರ ಮೈ ಉರಿಯಿತು.

"ಇದು ಕೈಯೋ, ಸೋರೋ ನಲ್ಲಿಯೋ? ನಾನೂ ಬರೀತೀನಿ. ಮಧ್ಯಾಹ್ನ ಗಿರಾಕಿಗಳೇ ಹೇಳಲಿ, ಕೈಬರಹ ಯಾವ್ದು ಅಂತ. ಗೆದ್ದರೆ ಗೋಡೆ ನನ್ನದು!"

ಎದುರು ಗೋಡೆಗೆ ಅವರ ಪಟ್ಟಿಗಳು ಬಂದವು. ಊಟಕ್ಕೆ ಬಂದ ಕ್ಷೌರಿಕ ಮೊರೊಝುಮಿಗೆ ಯೋಚಿಸುವ ಅಗತ್ಯವೇ ಬೀಳಲಿಲ್ಲ.

"ಕೇಳೋದೇನಿದೆ? ಮಸಿ ಚೆಲ್ಲಿರೋದೇ ಕೈಬರಹ, ಜೀವ ಇದೆ. ಈ ಕಡೇದು ಇಸ್ತ್ರಿ ಹಾಕಿದ ಅಂಗಿ ಥರ, ಯಂತ್ರದ್ದು!"

ಮೀನಂಗಡಿಯಾಕೆಯೂ ತಲೆದೂಗಿದಳು. ಕೈ ನಡುಗದಂತೆ ಪಳಗಿಸಿದ್ದೇ ಮೇಷ್ಟ್ರ ತಪ್ಪಾಯಿತು.

ಆದರೆ ಸೋಲೊಪ್ಪುವ ಆಸಾಮಿ ಅವರಲ್ಲ. "ಸಂಜೆ ಇನ್ನೊಂದು ಸಲ!" ಎಂದವರೇ ಫಾಂಟಿನ ಒಂದು ಪಟ್ಟಿ ಮನೆಗೊಯ್ದು ಮುಂದಿಟ್ಟುಕೊಂಡು ಕೂತರು. ಅರ್ಧ ಒಣಗಿದ ಕುಂಚ, ಒರಟು ಗೆರೆ, ಮೂಲೆಗೆ ಹನಿ.

"ಐವತ್ತು ವರ್ಷ ಮಸಿ ಚೆಲ್ಲದಂಗೆ ಬರೆಯೋದು ಕಲಿತ್ರಿ," ಅಂದಳು ಹೆಂಡತಿ ಕಿನುಯೊ. "ಈಗ ಚೆಲ್ಲೋದಕ್ಕೂ ಅಭ್ಯಾಸನಾ?"

"ಸುಮ್ನಿರೇ, ಹನಿ ತಪ್ಪತ್ತೆ!"

ನಾಲ್ಕು ಗಂಟೆಯ ಹೊತ್ತಿಗೆ ಹನಿ ಹೇಳಿದ ಜಾಗಕ್ಕೇ ಬೀಳತೊಡಗಿತು.

ಸಂಜೆ ಮೇಷ್ಟ್ರ ಹೊಸ ಪಟ್ಟಿಗಳು ಎದುರು ಗೋಡೆಗೇರಿದ ಮೇಲೆ ಮೊರೊಝುಮಿ ಈ ಗೋಡೆ ನೋಡಿದ, ಆ ಗೋಡೆ ನೋಡಿದ, ತಲೆ ಕೆರೆದುಕೊಂಡ. "ಎರಡೂ ಕೈಬರಹವೇ! ನನ್ನಿಂದಾಗಲ್ಲ ಮೇಷ್ಟ್ರೇ." ಯಾಸುಕೋ ಎಲ್ಲ ಪಟ್ಟಿಗಳನ್ನೂ ಇಳಿಸಿ ಮೇಜಿನ ಮೇಲೆ ಕಲೆಸಿ ಹರಡಿ ನೋಡಿದಳು. ಅವಳಿಗೂ ಗೊತ್ತಾಗಲಿಲ್ಲ.

ಮೇಷ್ಟ್ರ ಎದೆ ಉಬ್ಬಿತು. "ಈಗ ಹೇಳಮ್ಮ, ಗೋಡೆ ಯಾರದು?"

ಯಾಸುಕೋ ನಡು ಬಗ್ಗಿಸಿ ವಂದಿಸಿದಳು. "ದೊಡ್ಡ ಉಪಕಾರ ಆಯ್ತು ಮೇಷ್ಟ್ರೇ! ನಿಮ್ಮ ಅಕ್ಷರ ಬಿಟ್ಟರೆ ಗಿರಾಕಿಗಳು ಏನಂದ್ಕೋತಾರೋ ಅಂತ ಅಳುಕಿತ್ತು. ಫಾಂಟೂ ಥೇಟ್ ನಿಮ್ಮ ಕೈಬರಹದ ಹಾಗೇ ಅಂತ ಎಲ್ಲರೆದುರು ನೀವೇ ತೋರಿಸಿಕೊಟ್ರಿ. ಇನ್ನು ಮೇಲೆ ಈ ವಯಸ್ಸಲ್ಲಿ ನಿಮಗೆ ತೊಂದರೆ ಕೊಡಲ್ಲ."

ಬೆರೆತುಹೋದ ರಾಶಿಯಿಂದ ಹೆಸರಿಗೊಂದರಂತೆ ಹದಿಮೂರನ್ನು ಆರಿಸಿ ಗೋಡೆಗೆ ಹಚ್ಚಿದಳು. ಮಿಕ್ಕವು ಕಸದ ಬುಟ್ಟಿಗೆ ಹೋದವು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಗೋಡೆ ನೋಡಿದರು, ಬುಟ್ಟಿಗೂ ಬಗ್ಗಿ ನೋಡಿದರು. ತಾವು ಬರೆದದ್ದು ಯಾವುದೆಂದು ಅವರಿಗೇ ಗೊತ್ತಾಗಲಿಲ್ಲ.