ಸುಧೀರಣ್ಣ ಏಳದೆ ಪಂಕ್ತಿ ಏಳದು

ಊಟದ ಪಂಕ್ತಿಯ ತಲೆಯಲ್ಲಿ ಕುಳಿತವರು ಏಳುವ ತನಕ ಉಳಿದವರು ಏಳಬಾರದು. ಹಿರಿಯರು ಮಾಡಿಟ್ಟ ನಿಯಮಗಳಲ್ಲಿ ವಂಡ್ಸೆಯ ಅಕ್ಕಿ ವ್ಯಾಪಾರಿ ಸುಧೀರಣ್ಣನಿಗೆ ಮನಸಾರೆ ಒಪ್ಪಿಗೆಯಾದದ್ದು ಇದೊಂದೇ. (ಬೆಳಿಗ್ಗೆ ಬೇಗ ಏಳಬೇಕೆಂಬ ನಿಯಮವೂ ಇದೆ. ಅದು ಬೇರೆಯವರಿಗೆ.) ಅಪ್ಪ ತೀರಿಕೊಂಡ ಮೇಲೆ ಆ ತಲೆಯ ಎಲೆ ಅವನದಾಗಿತ್ತು, ಅಲ್ಲಿಂದಲೇ ಅವನು ಮನೆತನವನ್ನು ಆಳುತ್ತಿದ್ದ.

ಹಾಗಿರುವಾಗ ಹೊಸ್ತಿಗೆ, ಅಂದರೆ ಹೊಸ ಅಕ್ಕಿಯ ಮೊದಲ ಊಟಕ್ಕೆ, ಹೆಂಡತಿ ಸುಗುಣ ಮೇಜಿನ ಮಾತೆತ್ತಿದರೆ ಸಿಟ್ಟು ಬಾರದೆ ಇರುತ್ತದೆಯೇ?

"ನೆಲದ್ ಮೇಲ್ ಕೂತ್ರೆ ನಿಮ್ಗೆ ಏಳುಕ್ ಆತಿಲ್ಲೆ ಮಾರಾಯ್ರೆ. ಕುರ್ಚಿ ಇಡ್ತೆ."

"ಯಾರಿಗ್ ಆತಿಲ್ಲೆ? ತೂಕ ಎಷ್ಟ್ ಇಳ್ಸಿದೆ ಕಂಡ್ಯಾ? ಪ್ಯಾಂಟ್ ಜೋಲಾಡ್ತಿತ್ತ್!"

"ಕಾಲಂಗೆ ಜೋಲಾಡ್ತಿತ್ತ್. ಸೊಂಟದ್ ಹುಕ್ ಇನ್ನೂ ಕೂರ್ತಿಲ್ಲೆ."

ತೂಕ ಇಳಿದದ್ದು ಸುಳ್ಳಲ್ಲ. ಸಕ್ಕರೆ, ಬಿಪಿ, ರಕ್ತದ ಕೊಬ್ಬು ಎಲ್ಲವೂ ಮೇಲೇರಿವೆ ಎಂದು ಕುಂದಾಪುರದಲ್ಲಿ ಡಾಕ್ಟರಾಗಿರುವ ಅಕ್ಕನ ಮಗಳು ಪ್ರಣೀತಾ ಹೇಳಿದ ದಿನವೇ ಸುಧೀರಣ್ಣ ಮೀನು, ಮೊಟ್ಟೆ, ಬೇಳೆಗೆ ಬಹಿಷ್ಕಾರ ಘೋಷಿಸಿ, ಗಂಜಿತಿಳಿ ಮತ್ತು ಚಾದ ಮೇಲೆ ಘೋರ ತಪಸ್ಸಿಗಿಳಿದಿದ್ದ. (ಚಾಕ್ಕೆ ಬೆಲ್ಲ. ಬೆಲ್ಲ ಸಕ್ಕರೆಯಲ್ಲವೆಂಬುದು ಅವನ ಸ್ವಂತ ಸಂಶೋಧನೆ.) ಅಂಗಡಿಯ ಕುರ್ಚಿ ಬಿಟ್ಟು ಮಾತ್ರ ಕದಲುತ್ತಿರಲಿಲ್ಲ. ಹೋದ ವಾರ ಪ್ರಣೀತಾ ಅವನ ಕೈಯ ಹಿಡಿತ ಅಳೆದು, ತೊಡೆ ಒತ್ತಿ ನೋಡಿ ನಿಟ್ಟುಸಿರು ಬಿಟ್ಟಿದ್ದಳು.

"ತೂಕ ಇಳ್ದದ್ ಹೌದ್ ಮಾವ. ಆದ್ರೆ ಕರ್ಗಿದ್ದ್ ಮಾಂಸಖಂಡ, ಹೊಟ್ಟಿ ಹಾಂಗೇ ಇತ್ತ್. ತಿಂದ ಸಕ್ರಿ ಖರ್ಚ್ ಮಾಡೂದೇ ಮಾಂಸಖಂಡ, ಅದ್ ಹೋದ್ರೆ ಶುಗರ್ ಇನ್ನೂ ಏರತ್ತ್. ಮೀನ್ ತಿನ್ನಿ, ಭಾರ ಎತ್ತಿ."

ಸುಧೀರಣ್ಣನ ಕಿವಿ ಮೊದಲ ವಾಕ್ಯಕ್ಕೇ ತೃಪ್ತಿಪಟ್ಟು ಮುಚ್ಚಿಕೊಂಡಿತ್ತು.

ಹೊಸ್ತಿನ ಊಟ ನೆಲದ ಮೇಲೆಯೇ ಗಡದ್ದಾಗಿ ಆಯಿತು. ಎಲ್ಲರೂ ಉಂಡು ಮುಗಿಸಿ ತಲೆಯ ಎಲೆಯತ್ತ ನೋಡಿದರು. ಸುಧೀರಣ್ಣ ಗಂಭೀರವಾಗಿ ನೆಲಕ್ಕೆ ಕೈಯೂರಿದ. ತೊಡೆಗಳು ಕೇಳಲಿಲ್ಲ. ಮುಂದಕ್ಕೆ ಬಾಗಿದ. ಹೊಟ್ಟೆ ಅಡ್ಡ ಬಂತು. ಏನೂ ಆಗದವನಂತೆ ನಕ್ಕು ಕುಳಿತ.

ತಲೆಯವರು ಏಳುತ್ತಿಲ್ಲವೆಂದರೆ ಊಟ ಮುಗಿದಿಲ್ಲವೆಂದೇ ಲೆಕ್ಕ. ಬಡಿಸುತ್ತಿದ್ದ ಸುಗುಣಳ ತಮ್ಮ ರತೀಶ್ ಓಡಿ ಬಂದ.

"ಭಾವಂಗೆ ಪಾಯ್ಸ ಸಾಕಾಯ್ಲಿಲ್ಲೆ ಕಾಣತ್ತ್!"

ಏಳಲಾಗದು ಎನ್ನುವುದಕ್ಕಿಂತ ಪಾಯಸ ಕುಡಿಯುವುದು ಮರ್ಯಾದೆ. ಸುಧೀರಣ್ಣ ಕುಡಿದ. ಮತ್ತೆ ಕೈಯೂರಿದ, ಮತ್ತೆ ಕುಳಿತ, ಮತ್ತೆ ಪಾಯಸ ಬಂತು.

"ಹ್ವಾಯ್ ಸುಧೀರ, ಕೈ ಒಣ್ಗಿ ಹಪ್ಳ ಆಯ್ತಲೆ!" ಎಂದು ಪಕ್ಕದೆಲೆಯ ಚಿಕ್ಕಪ್ಪ ಗೊಣಗಿದರು.

"ಮಾವ, ಅದ್ ಪಾಯ್ಸ ಅಲ್ಲ, ನಿಮ್ ನಾಳಿನ್ ರಿಪೋರ್ಟ್," ಎಂದಳು ಪ್ರಣೀತಾ.

ರತೀಶ್ ಪುನಃ ಸೌಟು ಹಿಡಿದು ಬರುವುದು ಕಂಡಾಗ ಸುಧೀರಣ್ಣನಿಗೆ ನಿಜಕ್ಕೂ ಹೆದರಿಕೆಯಾಯಿತು. ಮನೆತನದ ಮಾನ ಒಂದು ಕಡೆ, ಜೀವ ಇನ್ನೊಂದು ಕಡೆ.

"ಸುಗುಣಾ..." ಎಂದ, ಬೆಕ್ಕಿನ ಮರಿಯ ದನಿಯಲ್ಲಿ.

ಪಂಕ್ತಿಯ ಕೊನೆಯಿಂದ ಸುಗುಣ ಎದ್ದಳು. ನೆಲಕ್ಕೆ ಕೈಯೂರದೆ, ತಲೆಯವರಿಗಿಂತ ಮೊದಲೇ ಎದ್ದಳು! ಸೆರಗು ಸಿಕ್ಕಿಸಿ ಬಂದು ಎಡಗೈಯನ್ನು ಗಂಡನ ಕಂಕುಳಿಗೆ ಕೊಟ್ಟು ಒಂದೇ ಏಟಿಗೆ ಎತ್ತಿ ನಿಲ್ಲಿಸಿದಳು. ದಿನಾ ಬಾವಿಯಿಂದ ನೀರು ಸೇದುವ ಕೈ ಅದು.

"ಆಯ್ತ್, ಇನ್ನ್ ಎಲ್ರೂ ಏಳಿ," ಎಂದಳು. ಎಲ್ಲರೂ ಎದ್ದರು.

"ಕಾಲ್ ಜೋಮ್ ಹಿಡ್ದದ್ ಅಷ್ಟೇ," ಎಂದು ಸುಧೀರಣ್ಣ ಘೋಷಿಸಿದ. ಕೈ ತೊಳೆಯಲು ಹೋಗಿದ್ದವರಿಗೆ ಅದು ಕೇಳಿಸಲಿಲ್ಲ.

ಆದರೆ ಅವನು ಸುಮ್ಮನೆ ಬಿಡುವ ಆಸಾಮಿಯಲ್ಲ. ಅಂದಿನಿಂದ ಬಂಗುಡೆ ಮೀನು ತಿಂದ, ಚಾದ ಬೆಲ್ಲ ಬಿಟ್ಟ, ಅಂಗಡಿಯ ಅಕ್ಕಿಚೀಲಗಳನ್ನು ಎತ್ತಿಟ್ಟ. ಯುಗಾದಿಯ ಊಟಕ್ಕೆ ಅದೇ ನೆಲ, ಅದೇ ತಲೆಯ ಎಲೆ. ಉಂಡಾದ ಮೇಲೆ ಯಾರ ಕೈಯೂ ಹಿಡಿಯದೆ ಚಕ್ಕನೆ ಎದ್ದು ನಿಂತು, ಎದೆ ಸೆಟೆಸಿ ಪಂಕ್ತಿಯತ್ತ ತಿರುಗಿದ.

ಒಬ್ಬರೂ ಏಳಲಿಲ್ಲ. ಎಲ್ಲರೂ ಕೊನೆಯ ಎಲೆಯ ಕಡೆ ನೋಡುತ್ತಾ ಕುಳಿತಿದ್ದರು. ಅಲ್ಲಿ ಸುಗುಣ ಇನ್ನೂ ಮಜ್ಜಿಗೆ ಕುಡಿಯುತ್ತಿದ್ದಳು.

"ಕೂತ್ಕಣಿ ಮಾವ," ಎಂದಳು ಪ್ರಣೀತಾ, "ಅತ್ತೆ ಇನ್ನೂ ಏಳ್ಲಿಲ್ಲೆ."