ಅರ್ಧ ಸ್ವರ ಮೇಲೆ

ಕನ್ನಡಕದಂಗಡಿಯವನು ಹಳೇ ಸಾಮಾನಿನ ಅಂಗಡಿಯಿಂದ ತಂದ ಟ್ರಂಪೆಟ್ಟಿಗೆ ಇದ್ದದ್ದು ಒಂದೇ ಐಬು. ಉಳಿದ ವಾದ್ಯಗಳೆಲ್ಲ ಒಂದು ದಾರಿ ಹಿಡಿದರೆ, ಅದು ಅರ್ಧ ಸ್ವರ ಮೇಲೆ, ತಲೆ ಎತ್ತಿಕೊಂಡು, ಒಂಟಿಯಾಗಿ ಹೋಗುತ್ತಿತ್ತು.

ಊರ ಬ್ಯಾಂಡಿನಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ಅಲ್ಲಿ ಕೂರಬೇಕೆಂಬುದು ಅವನ ಎಷ್ಟೋ ವರ್ಷಗಳ ಆಸೆ. ಆದರೆ ಹೋದ ವಾರ ಅವನು ಊದಿದ ಮೊದಲ ಸ್ವರಕ್ಕೇ ಬ್ಯಾಂಡ್ ಮಾಸ್ತರರು ಹಲ್ಲುನೋವು ಬಂದವರಂತೆ ಕೆನ್ನೆ ಹಿಡಿದುಕೊಂಡಿದ್ದರು. “ಭಾನುವಾರ ಸಂಜೆ ಶ್ರುತಿ ಸೇರಿಸ್ಕೊಂಡು ಬನ್ನಿ. ಆಗ್ಲಿಲ್ಲ ಅಂದ್ರೆ ಬರೋ ತೊಂದ್ರೆ ತಗೋಬೇಡಿ,” ಎಂದಿದ್ದರು.

ಭಾನುವಾರ ಬೆಳಗಾಯಿತು. ಟ್ರಂಪೆಟ್ಟಿನ ಮುಂಭಾಗದಲ್ಲಿ ಬಾಗಿದ ಒಂದು ಚಿಕ್ಕ ಕೊಳವೆಯಿದೆ. ಅದನ್ನು ಸ್ವಲ್ಪ ಹೊರಗೆಳೆದರೆ ಸ್ವರ ಕೆಳಗಿಳಿಯುತ್ತದೆ. ಇವನದು ಕಿಲುಬು ಹಿಡಿದು ಕಚ್ಚಿಕೊಂಡುಬಿಟ್ಟಿತ್ತು. ಇವನು ಒಂದು ತುದಿ, ಹೆಂಡತಿ ಇನ್ನೊಂದು ತುದಿ ಹಿಡಿದರು.

“ಎಳೀರಿ ಅಂದ್ರೆ!”

“ಎಳೀತಾನೇ ಇದೀನಲ್ಲೇ!”

ಗೋಡೆಯಾಚೆ ಇದನ್ನು ಕೇಳಿದ ಪಕ್ಕದ ಮನೆಯ ಪ್ಲಂಬರ್ ಜಗಳ ಬಿಡಿಸಲು ಓಡಿ ಬಂದ. ವಿಷಯ ತಿಳಿದ ಮೇಲೆ ಅವನ ಮುಖ ಅರಳಿತು. “ಇದು ಪೈಪು. ಅಂದ್ರೆ ನನ್ನ ಖಾತೆ. ಕೊಡಿ ಅತ್ತಿಗೆ.”

“ಪೈಪಲ್ಲ ಮಾರಾಯಾ, ವಾದ್ಯ!” ಎಂದಳು ಹೆಂಡತಿ.

“ಒಳಗೆ ನೀರು ಹೋದ್ರೇನು, ಗಾಳಿ ಹೋದ್ರೇನು? ಪೈಪು ಪೈಪೇ.”

ಅಂಗಳದಲ್ಲಿ ಚಿಕಿತ್ಸೆ ಶುರುವಾಯಿತು. ಎಣ್ಣೆ ಬಿಟ್ಟರು, ಬಿಸಿನೀರು ಸುರಿದರು, ಮರದ ಸುತ್ತಿಗೆಯಿಂದ ಮಗುವಿನ ಬೆನ್ನು ತಟ್ಟುವಂತೆ ತಟ್ಟಿದರು. ನಡುನಡುವೆ ಕನ್ನಡಕದಂಗಡಿಯವನು ಊದಿ ನೋಡುತ್ತಿದ್ದ. ಬೀದಿಯಲ್ಲಿ ಮಲಗಿದ್ದ ನಾಯಿ ಎದ್ದು ಮರ್ಯಾದೆಯಿಂದ ಬೇರೆ ಬೀದಿಗೆ ಹೋಯಿತು.

ಮೇಲಿನ ಮಹಡಿಯ ಸಂಗೀತದ ಟೀಚರಮ್ಮನಿಗೆ ತಡೆಯಲಾಗಲಿಲ್ಲ. ಕಿಟಕಿ ತೆರೆದು, ಪಿಯಾನೊದ ಮೇಲೆ ಸರಿಯಾದ ಸ್ವರ ಒತ್ತಿ ಕೂಗಿದರು: “ಕೆಳಗೆ ಬರ್ಬೇಕು! ಕೆಳಗೆ!”

ಎದುರು ಗೋಡೆಗೆ ಏಣಿ ಹಾಕಿ ಬಣ್ಣ ಬಳಿಯುತ್ತಿದ್ದವನು ಗಾಬರಿಯಾಗಿ ನಾಲ್ಕು ಮೆಟ್ಟಿಲು ಇಳಿದ.

“ಇನ್ನೂ ಕೆಳಗೆ!”

ಅವನು ನೆಲಕ್ಕೇ ಇಳಿದ.

“ಸಾಲ್ದು, ಇನ್ನೂ ಕೆಳಗೆ!”

“ಇನ್ನೂ ಕೆಳಗೆ ಅಂದ್ರೆ ಗುಂಡಿ ತೋಡ್ಬೇಕೇನಮ್ಮಾ?” ಎಂದು ಅವನು ಅಳುಮುಖ ಮಾಡಿದ.

ಹೇಗೂ ಇಳಿದಾಗಿತ್ತು. ಪ್ಲಂಬರ್ ಅವನನ್ನೂ ಕೆಲಸಕ್ಕೆ ಹಚ್ಚಿದ. ಕೊಳವೆಗೆ ಟವೆಲ್ ಬಿಗಿದು ಪ್ಲಂಬರೂ ಬಣ್ಣದವನೂ ಈ ಕಡೆಯಿಂದ ಜಗ್ಗಿದರು. ಗಂಡ ಹೆಂಡತಿ ಆ ಕಡೆ ಟ್ರಂಪೆಟ್ಟನ್ನು ತಬ್ಬಿ ಹಿಡಿದರು. ‘ಪಟ್’ ಎಂದಿತು. ದಂಪತಿಗಳು ಬಟ್ಟೆ ಬುಟ್ಟಿಯಲ್ಲಿ ಬಿದ್ದರು. ಪ್ಲಂಬರ್ ಅಂಗಾತ ಬಿದ್ದ. ಬಣ್ಣದವನು ತನ್ನದೇ ನೀಲಿ ಬಣ್ಣದ ಬಕೆಟ್ಟಿನಲ್ಲಿ ಅಚ್ಚುಕಟ್ಟಾಗಿ ಕುಳಿತ.

ಕನ್ನಡಕದಂಗಡಿಯವನು ತೆವಳಿಕೊಂಡು ಹೋಗಿ ಕೊಳವೆಯನ್ನೆತ್ತಿ ಒರೆಸಿದ. ಅದರ ಜಾಗಕ್ಕೆ ಮೆಲ್ಲಗೆ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಒಳತಳ್ಳಿ ಊದಿದ.

ಟೀಚರಮ್ಮ ಮತ್ತೊಮ್ಮೆ ಪಿಯಾನೊ ಒತ್ತಿದರು. ಎರಡು ಸ್ವರಗಳೂ ಒಂದರೊಳಗೊಂದು ಕರಗಿ, ಯಾವುದು ಯಾವುದೆಂದು ತಿಳಿಯದಾಯಿತು. ಬೆಳಕಿಗೆ ದನಿಯಿದ್ದರೆ ಹೀಗೇ ಇರುತ್ತಿತ್ತೇನೋ. ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಳು. ಬಣ್ಣದವನಿಗೆ ಬಕೆಟ್ಟಿನಿಂದ ಏಳಬೇಕೆಂಬುದೇ ಮರೆತುಹೋಯಿತು.

“ಪೈಪಲ್ಲ ಬಿಡಿ, ಅತ್ತಿಗೆ,” ಎಂದ ಪ್ಲಂಬರ್, ಮೆಲ್ಲಗೆ.

ಸಂಜೆ ಟ್ರಂಪೆಟ್ಟನ್ನು ಹಸುಗೂಸಿನಂತೆ ಎತ್ತಿಕೊಂಡು ಕನ್ನಡಕದಂಗಡಿಯವನು ಬ್ಯಾಂಡಿನ ಅಭ್ಯಾಸದ ಕೋಣೆಗೆ ಹೋದ. ನಿಂತು ಅದೇ ಒಂದು ಸ್ವರ ಊದಿದ. ಮಾಸ್ತರರು ಕಣ್ಣು ಮುಚ್ಚಿದರು.

“ಇದೇನ್ರೀ, ಹೋದ ವಾರದ್ದೇನಾ? ಎಲ್ಲಿ, ಪೂರ್ತಿ ಹಾಡು ಬರ್ಲಿ.”

ಪೂರ್ತಿ ಹಾಡು ಬಂತು. ಆದರೆ ಕತ್ತಲಲ್ಲಿ ಮೆಟ್ಟಿಲಿಳಿಯುವವರಂತೆ ತಡವರಿಸಿಕೊಂಡು ಬಂತು. ಶ್ರುತಿಯೇನೋ ಸರಿಯಾಗಿತ್ತು, ಬೆರಳುಗಳನ್ನು ಎಳೆದು ಸರಿಪಡಿಸಲು ಯಾವ ಪ್ಲಂಬರಿಗೂ ಆಗದು.

ಮಾಸ್ತರರು ಬ್ಯಾಂಡಿನ ಹಿರಿಯ ವಾದಕರಾದ ದಂತವೈದ್ಯರತ್ತ ತಿರುಗಿದರು. “ಡಾಕ್ಟ್ರೇ, ಇದನ್ನ ಒಂದ್ಸಲ ನೀವು ಊದಿ ನೋಡಿ.”

ಡಾಕ್ಟರು ಊದಿದರು. ಆ ದನಿ ಮೊದಲು ನೆಲದ ಮೇಲೆ ಹರಿಯಿತು; ಆಮೇಲೆ ಎದ್ದಿತು; ಆಮೇಲೆ ಆ ಕೋಣೆಗೆ ಚಾವಣಿ ಇದೆ ಎಂಬುದೇ ಯಾರ ನೆನಪಿನಲ್ಲೂ ಉಳಿಯಲಿಲ್ಲ. ಕನ್ನಡಕದಂಗಡಿಯವನ ಮೈಯೆಲ್ಲ ಜುಮ್ಮೆಂದಿತು. ಅದು ಮುಗಿದಾಗ ಯಾರೋ “ಇನ್ನೊಂದ್ಸಲ, ಡಾಕ್ಟ್ರೇ,” ಎಂದು ಬೇಡಿಕೊಂಡರು. ಬೇಡಿದ್ದು ತಾನೇ ಎಂದು ಅವನಿಗೆ ಆಮೇಲೆ ಗೊತ್ತಾಯಿತು.

“ಸರಿ, ಆ ಕುರ್ಚಿ ಖಾಯಂ ಆಯ್ತು,” ಎಂದರು ಮಾಸ್ತರರು.

“ನನಗಾ ಸಾರ್?”

“ಟ್ರಂಪೆಟ್ಟಿಗೆ. ವಾದ್ಯ ನಿಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಉಜ್ಜೋದು, ಎಣ್ಣೆ ಬಿಡೋದು, ವಾರಾವಾರ ಹೊತ್ಕೊಂಡು ಬರೋದು ಎಲ್ಲ ನೀವೇ. ಊದೋದು ಮಾತ್ರ ಡಾಕ್ಟ್ರು.” ಅವನ ಮುಖ ನೋಡಿ ಅವರಿಗೂ ಪಾಪ ಅನಿಸಿರಬೇಕು. ದೊಡ್ಡ ಹಿತ್ತಾಳೆ ತಾಳಗಳೆರಡನ್ನು ಅವನ ಕೈಗಿಟ್ಟರು. “ನೀವು ಹಿಂದೆ ನಿಂತ್ಕೊಳ್ಳಿ. ನಾನು ಕೈ ತೋರ್ಸಿದಾಗ ಒಂದೇ ಒಂದು ಪೆಟ್ಟು. ಅಷ್ಟೇ.”

ಹಾಡು ಶುರುವಾಯಿತು. ಎಲ್ಲ ವಾದ್ಯಗಳ ನಡುವಿನಿಂದ ಅವನ ಟ್ರಂಪೆಟ್ಟು ಸೂರ್ಯನಂತೆ ಮೇಲೆದ್ದಿತು. ಮಾಸ್ತರರು ಕೈ ತೋರಿಸಿದರು. ಮತ್ತೆ ತೋರಿಸಿದರು. ಕೊನೆಗೆ ಎರಡೂ ಕೈ ಬೀಸಿ ಬ್ಯಾಂಡನ್ನೇ ನಿಲ್ಲಿಸಿದರು.

“ಪೆಟ್ಟೆಲ್ರೀ?”

ತಾಳಗಳನ್ನು ಗಾಳಿಯಲ್ಲೇ ಅಗಲಿಸಿ ಹಿಡಿದು, ಬಾಯಿ ತೆರೆದು ನಿಂತಿದ್ದವನು ಬೆಚ್ಚಿಬಿದ್ದ.

“ತಪ್ಪಾಯ್ತು ಸಾರ್,” ಎಂದ. “ಕೇಳ್ತಾ ಇದ್ದೆ.”